ಎದುರು ಬೆಂಚು

ನಮ್ಮೂರಿನಲ್ಲಿ ಹೆಂಡ ಕುಡಿಯುವವನು ಒಬ್ಬ, ಅಮಲೇರುವುದು ಇನ್ನೊಬ್ಬನಿಗೆ. ಲೋಟ ಎತ್ತಿದವನ ಮುಖ ಯಾರ ಕಡೆಗೆ ಇರುತ್ತದೋ ಅವರ ತಲೆಗೆ ಅದು ಹತ್ತುತ್ತದೆ. ಕುಡಿದವನಿಗೆ ಉಳಿಯುವುದು ಹುಳಿ ತೇಗು, ಮರುದಿನದ ಹೊಟ್ಟೆಯುರಿ, ವರ್ಷಗಟ್ಟಲೆ ಕುಡಿದರೆ ಕೆಟ್ಟ ಲಿವರ್. ಬೇರೆ ಊರುಗಳಲ್ಲಿ ಕುಡಿದವನಿಗೇ ಏರುತ್ತದೆ ಎಂದು ಒಬ್ಬ ಲಾರಿಯವನು ಹೇಳಿದಾಗ ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ತಾನೇ ಕುಡಿದು ತಾನೇ ಕುಣಿಯುವುದೆಂದರೆ ತನ್ನ ಮದುವೆಗೆ ತಾನೇ ವಾಲಗ ಊದಿಕೊಂಡ ಹಾಗಲ್ಲವೇ?

ಹೀಗಾಗಿ ನಮ್ಮಲ್ಲಿ ಗಂಡ ತೂರಾಡುತ್ತಾ ಮನೆಗೆ ಬಂದರೆ ಹೆಂಡತಿ ಅವನಿಗೆ ಒಂದು ಮಾತೂ ಅನ್ನುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವನ ಎದುರು ಕೂತು ಕುಡಿದವನ ಮನೆ ಮುಂದೆ ಹೋಗಿ ನಿಲ್ಲುತ್ತಾಳೆ. ಬೀಗರಾಗುವವರು ಮಾತುಕತೆಗೆ ಮುಂಚೆ ಎದುರುಬದುರು ಕೂತು ಒಂದೊಂದು ಲೋಟ ಇಳಿಸಬೇಕು. ಆಗ ಯಾರ ಕೈ ಧಾರಾಳ, ಯಾರದು ಬಿಗಿ ಎಂಬುದು ತಾನಾಗಿ ತಿಳಿಯುತ್ತದೆ. ಬರೀ ತುಟಿ ಒದ್ದೆ ಮಾಡಿ ಲೋಟ ಕೆಳಗಿಡುವವನ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು.

ನಾನು ಈರಕ್ಕ. ಬಸ್ ಸ್ಟ್ಯಾಂಡಿನ ಎದುರಿಗಿರುವ ಹೆಂಡದಂಗಡಿ ನನ್ನದು. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ನನಗೆ ಬಂದದ್ದು. ಅಂಗಡಿಯ ಜೊತೆಗೆ ಒಂದು ಕಟ್ಟಳೆಯೂ ಬಂತು: ಮಾರುವವಳು ಯಾರ ಎದುರೂ ಕೂರಬಾರದು. ಅವಳಿಗೇ ಅಮಲೇರಿದರೆ ಅಂಗಡಿಯ ಗತಿ ಏನು? ಅದಕ್ಕೇ ನನ್ನ ಸ್ಟೂಲು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡಿದೆ. ಗೋಡೆ ನೋಡುತ್ತಲೇ ಬಗ್ಗಿಸಿ ಕೊಡುತ್ತೇನೆ, ಗೋಡೆ ನೋಡುತ್ತಲೇ ಹುರಿಗಡಲೆ ಅಳೆಯುತ್ತೇನೆ. ಊರಿಗೆಲ್ಲ ಅಮಲು ಮಾರಿದ ನಾನು ಅದು ಹೇಗಿರುತ್ತದೆಂದು ಒಂದು ದಿನವೂ ಕಂಡವಳಲ್ಲ. ಕುತೂಹಲ ಮಾತ್ರ ಚಿಕ್ಕಂದಿನಿಂದಲೂ ಇತ್ತು. ಗಿರಾಕಿಗಳನ್ನು ಕೇಳುತ್ತಿದ್ದೆ. ಒಬ್ಬ ತಲೆಯೊಳಗೆ ಯಾರೋ ದೀಪ ಹಚ್ಚಿದ ಹಾಗೆ ಎಂದ. ಇನ್ನೊಬ್ಬ, ಅತ್ತೆಯ ಮುಖವೂ ಚೆನ್ನಾಗಿ ಕಾಣುತ್ತದೆ ಎಂದ. ನನಗೆ ಅತ್ತೆಯೇ ಇಲ್ಲದ್ದರಿಂದ ಆ ಉತ್ತರ ಏನೂ ಪ್ರಯೋಜನಕ್ಕೆ ಬರಲಿಲ್ಲ.

ಅಂಗಡಿಯಲ್ಲಿ ಎಲ್ಲರಿಗಿಂತ ಹಳೆಯ ಜೋಡಿ ಕಾಳಾಚಾರಿ ಮತ್ತು ಲಿಂಗೇಗೌಡರದು. ಆಚಾರಿ ಬಡಗಿ, ನನ್ನ ಅಂಗಡಿಯ ಬೆಂಚುಗಳೆಲ್ಲ ಅವನ ಕೈಯವೇ. ಗೌಡರು ಬೆಲ್ಲದ ಮಂಡಿಯವರು, ಹಗಲಿಡೀ ಆಳುಗಳ ಮೇಲೆ ಉರಿದುಬೀಳುವ ಮನುಷ್ಯ. ಬೀದಿಯಲ್ಲಿ ಸಿಕ್ಕರೆ ಆಚಾರಿ ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು "ಗೌಡ್ರೇ, ನಮಸ್ಕಾರ" ಅನ್ನುತ್ತಿದ್ದ. ಬೆಂಚಿನ ಮೇಲೆ ಕೂತರೆ ಮಾತ್ರ "ಲೋ ಗೌಡ". ಎದುರಿನವನಿಗೆ ಅಮಲೇರಲಿ ಎಂದು ತನ್ನ ಹೊಟ್ಟೆಗೆ ಹುಳಿ ಇಳಿಸುವವನಿಗೆ ಅಷ್ಟು ಸಲಿಗೆ ಇರಲೇಬೇಕು ಎನ್ನುವುದು ನಮ್ಮೂರಿನ ನ್ಯಾಯ. ಗೌಡರು ಲೋಟ ಇಳಿಸಿದರೆ ಆಚಾರಿ ಹಾಡುತ್ತಿದ್ದ. ಇದ್ದದ್ದು ಒಂದೇ ಹಾಡು, "ಬಾಗಿಲೇ ಇಲ್ಲದ ಮನೆಗೆ ಬೀಗ ಹಾಕ್ಯಾನೆ ನಮ್ಮ ಭಾವ" ಅಂತ, ಅವನೇ ಕಟ್ಟಿದ್ದು. ಶ್ರುತಿ ಅನ್ನುವುದು ಅದರ ಹತ್ತಿರವೂ ಸುಳಿದಿರಲಿಲ್ಲ. ಆಚಾರಿ ಲೋಟ ಇಳಿಸಿದರೆ ಗೌಡರು ತಾಳ ಹಾಕುತ್ತಿದ್ದರು, ಹಗಲು ಯಾರನ್ನು ಬೈದಿದ್ದರೋ ಅವರನ್ನೆಲ್ಲ ನೆನೆದು ಮರುಗುತ್ತಿದ್ದರು. ಗೌಡರು ಕೂರುವ ಬೆಂಚಿನ ಒಂದು ಕಾಲು ಮಾತ್ರ ಮತ್ತೆ ಮತ್ತೆ ಹಾಳಾಗುತ್ತಿತ್ತು. ಗೆದ್ದಲು ಹಿಡಿದಿದೆ ಎಂದು ನಾನು ಔಷಧಿ ಹೊಡೆಸುತ್ತಿದ್ದೆ. ಆಚಾರಿ ಬಾಯಿ ಬಿಡದೆ ಹೊಸ ಕಾಲು ಕೂರಿಸಿ ಹೋಗುತ್ತಿದ್ದ.

ಆಮೇಲೆ ಕಾಲ ತಿರುಗಿತು. ಒಂದೇ ದಿನಕ್ಕಲ್ಲ, ತಂಗಾಳಿಯ ಹಾಗೆ ಮೆಲ್ಲಗೆ. ಹೊಸ ಹುಡುಗರು ಬೆಳಗ್ಗೆ ಎದ್ದು ಓಡತೊಡಗಿದರು. ಎಷ್ಟು ಹೆಜ್ಜೆ ಹಾಕಿದೆ, ಎಷ್ಟು ಹೊತ್ತು ನಿದ್ದೆ ಮಾಡಿದೆ ಎಂದು ಕೈಗೆ ಕಟ್ಟಿಕೊಂಡ ಗಡಿಯಾರವನ್ನು ಕೇಳುವವರು ಅವರು. ನಮ್ಮ ಕಾಲದಲ್ಲಿ ನಿದ್ದೆ ಬಂತೋ ಇಲ್ಲವೋ ಎಂಬುದು ಮಲಗಿದವನಿಗೇ ಗೊತ್ತಾಗುತ್ತಿತ್ತು. ಅಪ್ಪಂದಿರ ಜೊತೆ ಅಂಗಡಿಗೆ ಬಂದು ಎದುರು ಕೂರುವುದನ್ನು ಕಲಿಯಬೇಕಾದ ಹುಡುಗರು ಬಾರ್ಲಿ ನೀರು ಕುಡಿಯುತ್ತಾ ಮನೆಯಲ್ಲೇ ಉಳಿದರು. ಕುಡಿಯುವ ಆಸೆ ಇದ್ದ ಕೆಲವರು ಪಾರ್ಸೆಲ್ ಒಯ್ದು ಒಬ್ಬೊಬ್ಬರೇ ಕುಡಿದು ನೋಡಿದರು. ಒಬ್ಬ ತನ್ನ ಎಮ್ಮೆಯ ಎದುರು ಕೂತು ಕುಡಿದನಂತೆ. ಅದು ಹಗ್ಗ ಕಿತ್ತುಕೊಂಡು ಹೋಗಿ ಎರಡು ಬೀದಿಯ ಹಿತ್ತಲ ತೊಂಡೆ ಬಳ್ಳಿಗಳನ್ನೆಲ್ಲ ಮೇದು, ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಮಲಗಿಬಿಟ್ಟಿತು. ಆಮೇಲೆ ಪಾರ್ಸೆಲ್ ಒಯ್ಯುವುದೂ ನಿಂತಿತು.

ಜೋಡಿ ಎಂದರೆ ಇಬ್ಬರು. ಒಬ್ಬ ಬಿಟ್ಟರೆ ಒಣಗುವವನು ಇನ್ನೊಬ್ಬ. ಒಂದೊಂದೇ ಬೆಂಚು ಹೀಗೆ ಅರ್ಧ ಖಾಲಿಯಾಗಿ, ಉಳಿದರ್ಧ ಬೇಸತ್ತು ಎದ್ದುಹೋಗಿ, ಕೊನೆಗೆ ಆಚಾರಿ ಮತ್ತು ಗೌಡರು ಮಾತ್ರ ಉಳಿದರು. ಅವರಿಬ್ಬರೇ ಆದ ಕೆಲವೇ ದಿನಕ್ಕೆ ಗೌಡರೂ ಬರುವುದನ್ನು ನಿಲ್ಲಿಸಿಬಿಟ್ಟರು. ಡಾಕ್ಟರು ಬೇಡ ಅಂದಿದ್ದಾರೆ ಎಂದು ಮಗನ ಕೈಲಿ ಹೇಳಿಸಿದರು. ಆಚಾರಿ ಮಾತ್ರ ಸಂಜೆ ಹೊತ್ತಿಗೆ ಬಂದು, ಖಾಲಿ ಬೆಂಚಿನ ಎದುರು ಒಂದು ಲೋಟ ಇಳಿಸಿ, ಹಾಡದೆ ಎದ್ದುಹೋಗುತ್ತಿದ್ದ.

"ಯಾಕ್ ಆಚಾರಿ, ಯಾರಿಗೂ ಏರದ ಹೆಂಡ ಕುಡ್ದು ಹೊಟ್ಟೆ ಹಾಳ್ ಮಾಡ್ಕೋತೀಯ?" ಎಂದು ಕೇಳಿದೆ.

"ಅಭ್ಯಾಸ ಕಣಕ್ಕ," ಅಂದ.

ಆಗಲೇ ನನ್ನ ತಮ್ಮನ ಮಗಳು ಇಂಚರ ಊರಿಗೆ ಬಂದಳು. ವ್ಯಾಯಾಮ ಹೇಳಿಕೊಡುವ ವಿದ್ಯೆ ಕಲಿತವಳು, ತೋಳು ನೋಡಿದರೆ ನೀರಿನ ಕೊಡ ಕಿರುಬೆರಳಲ್ಲಿ ಎತ್ತುವ ಹಾಗೆ. ಅಂಗಡಿಯನ್ನು ಒಂದು ಸುತ್ತು ನೋಡಿ, "ಅತ್ತೆ, ಈ ಜಾಗ ನನಗೆ ಕೊಟ್ಬಿಡು, ಜಿಮ್ ಮಾಡ್ತೀನಿ. ಇಲ್ಲಿ ಇನ್ನು ಯಾರು ಬರ್ತಾರೆ?" ಎಂದಳು.

"ಬರ್ತಾರೆ ಬಿಡೇ. ಎಲ್ಲಿಗೋಗ್ತಾರೆ?"

"ಯಾಕೆ ಬರ್ಬೇಕು? ಇನ್ನೊಬ್ರ ಮಜಾಕ್ಕೆ ನನ್ನ ಲಿವರ್ ಯಾಕತ್ತೆ ಹಾಳು ಮಾಡ್ಕೋಬೇಕು? ನೀನೇ ಹೇಳು."

ನಾನು ಎಲ್ಲರ ಅಮಲನ್ನೂ ಬೆನ್ನ ಹಿಂದಿನಿಂದ ಕೇಳಿಸಿಕೊಂಡವಳು, ಏನೆಂದು ಹೇಳಲಿ? ಅವಳ ಪ್ರಶ್ನೆಯಲ್ಲಿ ತಪ್ಪೂ ಇರಲಿಲ್ಲ. ಆದರೆ ಅಂಗಡಿ ಬಿಟ್ಟುಕೊಡುವುದೆಂದರೆ ಕರುಳು ಕಿತ್ತು ಕೊಟ್ಟ ಹಾಗಾಗುತ್ತಿತ್ತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಯುಗಾದಿಯೊಳಗೆ ಬೆಂಚುಗಳು ಮತ್ತೆ ತುಂಬಿದರೆ ಅಂಗಡಿ ನನ್ನದು. ತುಂಬದಿದ್ದರೆ ಜಿಮ್. ಹುಡುಗಿ ನ್ಯಾಯವಂತೆ, ಬೆಂಚು ತುಂಬಿಸಲು ಅವಳೇ ಒಂದು ಉಪಾಯ ಹೇಳಿದಳು. ಈಗಿನವರಿಗೆ ಬೇಕಾದದ್ದು ರುಚಿ, ಅಮಲಲ್ಲ. ಯಾರನ್ನೂ ನೋಡದೆ ಆರಾಮಾಗಿ ಒಂದು ಗುಟುಕು ಹೀರುವ ಜಾಗ ಕೊಟ್ಟರೆ ಬರುತ್ತಾರೆ ಎಂದಳು. ಬೀದಿ ಕಡೆಯ ಗೋಡೆ ಒಡೆದು ದೊಡ್ಡ ಗಾಜಿನ ಕಿಟಕಿ ಇಡುವುದು, ಅದರ ಉದ್ದಕ್ಕೂ ಒಂದು ಹಲಗೆ, ಎತ್ತರದ ಸ್ಟೂಲುಗಳು, ಎಲ್ಲರ ಮುಖವೂ ಆಚೆಗೆ. ನನಗೆ ಅದು ಬಹಳ ಹಿಡಿಸಿತು. ಜೀವಮಾನವಿಡೀ ಗೋಡೆ ನೋಡುತ್ತಾ ಕೂತವಳಿಗೆ ಗಾಜೂ ಒಂದು ಗೋಡೆಯ ಹಾಗೇ ಕಂಡಿತು. ಗಾಜಿನಾಚೆ ಬಸ್ ಸ್ಟ್ಯಾಂಡಿದೆ, ಅಲ್ಲಿ ಜನ ನಮ್ಮ ಕಡೆಗೇ ಮುಖ ಮಾಡಿ ಬಸ್ಸು ಕಾಯುತ್ತಾರೆ ಎಂಬುದು ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಹಲಗೆ ಕೂರಿಸಿದ ಆಚಾರಿಗೂ ಹೊಳೆಯಲಿಲ್ಲ.

ಮೊದಲ ಸಂಜೆಯೇ ಹಲಗೆ ತುಂಬಿತು. ಹುಡುಗ ಹುಡುಗಿಯರು ಸಾಲಾಗಿ ಕೂತು, ಸಣ್ಣ ಗ್ಲಾಸಿನಲ್ಲಿ ಹೀರಿ, "ಏನ್ ಹುಳಿ, ಏನ್ ಘಮ!" ಎಂದು ಫೋಟೋ ತೆಗೆದುಕೊಂಡರು. ಯಾರಿಗೂ ಏನೂ ಏರಲಿಲ್ಲ. ಅವರಿಗೆ ಅದೇ ಬೇಕಾಗಿತ್ತು. ನಾನು ಮೂಲೆಯಲ್ಲಿ ಗೋಡೆ ನೋಡುತ್ತಾ ಹಿಗ್ಗುತ್ತಿದ್ದೆ. ಆಚಾರಿ ತನ್ನ ಹಳೆ ಬೆಂಚಿನಲ್ಲಿ ಖಾಲಿ ಜಾಗದ ಎದುರು ಕೂತಿದ್ದ.

ಅಷ್ಟರಲ್ಲಿ ಬೀದಿಯಲ್ಲಿ ಗಲಾಟೆ. ಇಂಚರ ಓಡಿ ಬಂದಳು. ನಗು ತಡೆಯಲಾಗದೆ ಅವಳಿಗೆ ಮಾತು ಹೊರಡುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ವಾಲಾಡುತ್ತಿದ್ದಾರಂತೆ. ಕಂಡಕ್ಟರ್ ಹತ್ತುವವರನ್ನೆಲ್ಲ ತಬ್ಬಿಕೊಂಡು, ಟಿಕೆಟ್ ಕೇಳುವುದನ್ನು ಬಿಟ್ಟು ಅವರ ಕಷ್ಟಸುಖ ವಿಚಾರಿಸುತ್ತಿದ್ದಾನೆ. ಲೆಕ್ಕದ ಕಮಲಾಕ್ಷಿ ಟೀಚರು, ನಕ್ಕದ್ದನ್ನು ಯಾರೂ ಕಾಣದವರು, ಕಲ್ಲುಬೆಂಚಿನ ಮೇಲೆ ನಿಂತು ಮಗ್ಗಿಯನ್ನು ರಾಗವಾಗಿ ಹೇಳುತ್ತಿದ್ದಾರೆ. ಹೂವಿನವಳು ಬುಟ್ಟಿಯ ಮಲ್ಲಿಗೆಯನ್ನೆಲ್ಲ ಪೊಲೀಸಿನವನ ಟೋಪಿಗೆ ಸುತ್ತಿದ್ದಾಳೆ.

ಎಲ್ಲಾ ಸದ್ದಿನ ನಡುವೆ ಒಂದು ದನಿ ಮಾತ್ರ ನಮ್ಮ ಅಂಗಡಿಯ ಕಡೆಗೇ ಬರುತ್ತಿತ್ತು. "ಬಾಗಿಲೇ ಇಲ್ಲದ ಮನೆಗೆ ಬೀಗ ಹಾಕ್ಯಾನೆ..." ಆಚಾರಿಯ ಕೈಲಿದ್ದ ಲೋಟ ಅಲ್ಲೇ ನಿಂತಿತು. ಬಾಗಿಲಲ್ಲಿ ಲಿಂಗೇಗೌಡರು ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಮಗಳ ಊರಿಗೆ ಹೊರಟು ಬಸ್ಸಿಗೆ ಕಾಯುತ್ತಿದ್ದವರಿಗೆ ಯಾರೋ ಗುರುತಿಲ್ಲದ ಹುಡುಗರ ಅಮಲು ಹತ್ತಿತ್ತು.

"ಲೋ ಆಚಾರಿ, ಹಾಡೋ! ನಾನೊಬ್ನೇ ಹಾಡ್ಬೇಕೇನೋ?"

ಆಚಾರಿ ಎದ್ದು ನಿಂತು ಹೆಗಲ ಟವೆಲ್ ಕೈಗೆ ತೆಗೆದುಕೊಂಡ. "ಬನ್ನಿ ಗೌಡ್ರೇ. ಕೂತ್ಕೊಳಿ."

ಗೌಡರ ಮುಖ ಮಗುವಿನ ಹಾಗೆ ಸೊಟ್ಟಗಾಯಿತು. "ಗೌಡ್ರೇ ಅಂತೀಯಾ? ಇಲ್ಲೂ ನಾನು ಗೌಡ್ರೇನಾ?"

"ಬೆಂಚು ಬಿಟ್ಟೋದೋರು ನೀವು."

"ಬಿಡ್ದೆ ಇನ್ನೇನ್ ಮಾಡ್ಲಿ?" ಗೌಡರು ತಮ್ಮ ಹಳೆ ಜಾಗದಲ್ಲಿ ಧೊಪ್ಪನೆ ಕೂತರು. "ಡಾಕ್ಟ್ರು ಬೇಡ ಅಂದಿದ್ದು ಈಗಲ್ಲ ಕಣೋ, ಎಷ್ಟೋ ವರ್ಷದ ಹಿಂದೆ. ನಿನಗೆ ಹೇಳಕ್ಕೆ ನಾಲ್ಗೆ ಬರ್ಲಿಲ್ಲ. ನಾನು ಬಿಟ್ರೆ ನೀನು ಒಣಗ್ತೀಯಲ್ಲ ಅಂತ. ಲೋಟ ಎತ್ತೋದು, ನಿನ್ ಕಣ್ ತಪ್ಸಿ ಬೆಂಚಿನ ಕೆಳಕ್ಕೆ ಸುರಿಯೋದು. ಹಿಂಗೇ ಮಾಡ್ದೆ. ನೀನು ಮಾತ್ರ ಯಾವಾಗ್ಲೂ ಹಾಡ್ತಿದ್ದೆ. ಅಕ್ಕಪಕ್ಕದ ಬೆಂಚಿನೋರು ಕುಡೀತಾ ಈ ಕಡೆ ತಿರುಗ್ತಾರಲ್ಲ, ಅವ್ರದ್ದು ಸೋಕ್ತಿರ್ಬೇಕು ಅನ್ಕೊಂಡೆ. ಆಮೇಲೆ ಒಂದೊಂದೇ ಬೆಂಚು ಖಾಲಿ ಆಯ್ತು. ಕೊನೇಗೆ ಇಲ್ಲಿ ನಾವಿಬ್ರೇ. ಆಗ್ಲೂ ನೀನು ಹಾಡ್ದೆ. ಯಾವ ಅಮಲಿಗೆ ಹಾಡ್ದ್ಯೋ ಆಚಾರಿ? ಅವತ್ತು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ಮಾರ್ನೆ ದಿನ ಯಾವ ಮುಖ ಇಟ್ಕೊಂಡು ಬರ್ಲಿ?"

ಆಚಾರಿ ಮಂಡಿಯೂರಿ ಗೌಡರ ಬೆಂಚಿನ ಕೆಳಗೆ ಕೈ ಹಾಕಿ ಕಾಲನ್ನು ತಟ್ಟಿದ.

"ಈ ಕಾಲು ಎಷ್ಟ್ ಸಲ ಬದಲಾಯಿಸ್ದೆ ಅಂತ ಈರಕ್ಕನ್ನ ಕೇಳು. ಗೆದ್ದಲು ಗೆದ್ದಲು ಅಂತ ಔಷ್ದಿ ಹೊಡೀತಿದ್ಲು ಪಾಪ. ಗೆದ್ದಲು ತಿಂದ ಮರ ಪುಡಿ ಉದುರ್ತದೆ. ಇದು ನೆಂದು ಕೊಳೆತಿತ್ತು. ಮೂಸಿದ್ರೆ ಹೆಂಡದ ವಾಸ್ನೆ. ಮೊದಲ್ನೇ ಸಲ ಕಿತ್ತಾಗ್ಲೇ ನನಗೆ ಗೊತ್ತಾಯ್ತು."

"ಗೊತ್ತಿದ್ದೂ ಯಾಕೋ ಹಾಡ್ದೆ?"

"ಹಾಡದೇ ಇದ್ದಿದ್ರೆ ನನಗೆ ಗೊತ್ತದೆ ಅನ್ನೋದು ನಿನಗೆ ಗೊತ್ತಾಗ್ತಿತ್ತು. ಆಗ ನೀನು ಬರ್ತಿರ್ಲಿಲ್ಲ." ಆಚಾರಿ ಎದ್ದು ಎದುರು ಕೂತ. "ನನ್ ಲೋಟ ನಿನಗೆ ಏರ್ತಿತ್ತಲ್ಲ, ಸಾಕಾಗಿತ್ತು. ಅಮಲೇರ್ದಾಗ ನೀನು ಒಳ್ಳೇ ಮನ್ಷ ಕಣೋ ಗೌಡ. ಬೆಳಗ್ಗೆ ಮಂಡೀಲಿ ಇರ್ತಾನಲ್ಲ, ಅವ್ನು ನನಗೆ ಬೇಡ."

'ಕಣೋ ಗೌಡ' ಎಂದದ್ದನ್ನು ಕೇಳಿ ಗೌಡರು ಅಳುತ್ತಾ ನಕ್ಕರು. ಅಷ್ಟು ವರ್ಷ ನನ್ನ ಬೆನ್ನ ಹಿಂದೆ ಕೇಳಿದ ಆ ಅಪಸ್ವರದ ಹಾಡು ಒಂದು ಹನಿ ಅಮಲೂ ಇಲ್ಲದ ಗಂಟಲಿನಿಂದ ಬಂದದ್ದು! ಗೋಡೆ ನೋಡುತ್ತಾ ಕೂತ ನನಗೆ ಅದು ಹೇಗೆ ತಿಳಿಯಬೇಕು? ನನ್ನ ಮೇಲೆ ನನಗೇ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಆಚಾರಿಯ ಮೇಲೆ ಎಂಥದೋ ಅಕ್ಕರೆ ಬಂತು.

ಅಂದು ಅಂಗಡಿ ಮುಚ್ಚುವಾಗ ಇಂಚರ ಹಲಗೆ ಒರೆಸುತ್ತಾ ಕೇಳಿದಳು. "ಅತ್ತೆ, ಆಚಾರಿ ಮಾವಂಗೆ ಅಷ್ಟು ವರ್ಷ ಏನ್ ಸಿಕ್ತು?"

"ಗೊತ್ತಿಲ್ಲ ಕಣವ್ವ," ಅಂದೆ. ನನಗೆ ನಿಜವಾಗಿ ಗೊತ್ತಿರಲಿಲ್ಲ.

ಮಾರನೆಯ ದಿನ ಊರಿನ ಹಿರಿಯರು ಬಂದು, ಬಯ್ಯದೆ, ಕಿಟಕಿಗೆ ಒಂದು ಪರದೆ ಕಟ್ಟಮ್ಮ ಎಂದು ಕೇಳಿಕೊಂಡರು. ಅವರಿಗಿಂತ ಮುಂಚೆಯೇ ಬಂದು ಬಸ್ ಸ್ಟ್ಯಾಂಡಿನಲ್ಲಿ ಜಾಗ ಹಿಡಿದು, ಯಾವ ಬಸ್ಸಿಗೂ ಹತ್ತದೆ ನಿಂತವರೂ ಇದ್ದರು. ಕಮಲಾಕ್ಷಿ ಟೀಚರು ಅವರಲ್ಲಿ ಒಬ್ಬರು. ಇನ್ನೊಬ್ಬರ ಮಜಾಕ್ಕೆ ತಮ್ಮ ಹೊಟ್ಟೆ ಕೆಡಿಸಿಕೊಳ್ಳುವುದು ಬೇಡ ಎಂದು ಅಂಗಡಿ ಬಿಟ್ಟವರೇ ಗುರುತಿಲ್ಲದವರಿಂದ ಅಮಲು ಸಿಕ್ಕಿದರೆ ಬೇಡ ಅನ್ನಲಿಲ್ಲ. ಮನುಷ್ಯ ಯಾಕೆ ಹೀಗೆ ಎಂದು ಇವತ್ತಿಗೂ ನನಗೆ ಆಶ್ಚರ್ಯ. ಪರದೆ ಕಟ್ಟಿದೆ. ನೋಡಲು ಬೀದಿಯೇ ಇಲ್ಲವಾದ ಮೇಲೆ ಹುಡುಗರು ಬಟ್ಟೆಯ ಎದುರು ಎಷ್ಟು ದಿನ ಕೂತಾರು? ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಯುಗಾದಿ ಬಂತು. ತುಂಬಿದ್ದದ್ದು ಒಂದೇ ಜೋಡಿ ಬೆಂಚು. ಅದರಲ್ಲೂ ಗೌಡರ ಕೈಲಿದ್ದದ್ದು ಮನೆಯಿಂದ ತಂದ ಅಂಬಲಿ.

ಮಾತು ಮಾತೇ. ಹಬ್ಬದ ಸಂಜೆ ಇಂಚರಳ ಕೈಗೆ ಬೀಗದ ಕೈ ಕೊಟ್ಟೆ. ಅವಳು ತೆಗೆದುಕೊಂಡಳು, ಆದರೆ ಗೆದ್ದವಳ ಮುಖ ಇರಲಿಲ್ಲ. "ಆ ಎರಡು ಬೆಂಚು ಇಲ್ಲೇ ಇರಲಿ ಅತ್ತೆ. ತೂಕ ಎತ್ತಿದ ಮೇಲೆ ಜನ ಕೂರೋಕೆ ಬೇಕಲ್ಲ," ಎಂದಳು. ಯಾರು ಕೂರಲಿ ಎಂದು ಹೇಳಿದಳೋ ನಮಗೆಲ್ಲ ಗೊತ್ತಿತ್ತು.

ಮಡಕೆಯ ತಳದಲ್ಲಿ ಕೊನೆಯ ಒಂದು ಲೋಟ ಹೆಂಡ ಉಳಿದಿತ್ತು. ಬಚ್ಚಲಿಗೆ ಚೆಲ್ಲಲು ಎದ್ದೆ. ಆಚಾರಿ ನನ್ನ ಕೈಯಿಂದ ಅದನ್ನು ತೆಗೆದುಕೊಂಡ. ಗೌಡರು ಅಂಬಲಿ ಪಾತ್ರೆ ಎತ್ತಿಕೊಂಡು ತಮ್ಮ ಬೆಂಚಿನಿಂದ ಪಕ್ಕಕ್ಕೆ ಸರಿದರು.

"ಕೂತ್ಕೋ ಈರಕ್ಕ," ಎಂದು ಆಚಾರಿ ಬೆಂಚು ತೋರಿಸಿದ.

"ನಾನಾ? ಮಾರೋಳು ಎದುರು ಕೂರಬಾರ್ದು ಕಣಪ್ಪ."

"ಇನ್ನು ನೀನು ಮಾರೋಳಲ್ವಲ್ಲ," ಅಂದ ಆಚಾರಿ.

ಆ ಮಾತು ಎದೆಗೆ ನಾಟಿತು. ನೋವಾಗಿಯೂ ನಾಟಿತು, ಬಿಡುಗಡೆಯಾಗಿಯೂ ನಾಟಿತು. ಸೆರಗು ಸರಿಮಾಡಿಕೊಂಡು ಹೋಗಿ ಗೌಡರ ಜಾಗದಲ್ಲಿ ಕೂತೆ. ನನ್ನ ಅಂಗಡಿಯನ್ನು ನಾನು ಆ ಕಡೆಯಿಂದ ನೋಡಿದ್ದು ಅದೇ ಮೊದಲು. ಬಾಗಿಲಿನ ಮೇಲೆ ಅಜ್ಜಿಯ ಕಾಲದ ಒಂದು ಗೂಡಿತ್ತು, ಅದರಲ್ಲಿ ಯಾವತ್ತೋ ಯಾರೋ ಇಟ್ಟ ಹಿತ್ತಾಳೆ ಗಂಟೆ ಇತ್ತು. ನನಗೆ ಗೊತ್ತೇ ಇರಲಿಲ್ಲ. ಆಚಾರಿಯ ಎಡಗಣ್ಣಿನ ಮೇಲೆ ಉಳಿ ತಗುಲಿದ ಹಳೆಯ ಗಾಯದ ಗುರುತಿತ್ತು. ಅದೂ ಗೊತ್ತಿರಲಿಲ್ಲ.

ಅವನು ನನ್ನನ್ನೇ ನೋಡುತ್ತಾ ಲೋಟ ಎತ್ತಿದ. ಗಂಟಲು ಮೇಲೆ ಕೆಳಗೆ ಆಡಿತು. ತಳದ ಹೆಂಡಕ್ಕೆ ಹುಳಿ ಜಾಸ್ತಿ, ಮುಖ ಕಿವುಚಿದ. ಮೊದಲು ನನಗೆ ಏನೂ ಆಗಲಿಲ್ಲ. ಆಮೇಲೆ ಕಿವಿಯ ಹಿಂದೆ ಬಿಸಿಯಾಯಿತು. ಆಮೇಲೆ ಆ ಬಿಸಿ ಇಳಿದು, ಇಷ್ಟು ವರ್ಷ ಒಂದೇ ಕಡೆಗೆ ತಿರುಗಿಸಿಕೊಂಡು ಬಿಗಿದುಹೋಗಿದ್ದ ಕುತ್ತಿಗೆ ತಾನೇ ಸಡಿಲವಾಯಿತು. ಗೌಡರು ತಾಳ ಹಾಕಿದರು. ಬಾಗಿಲೇ ಇಲ್ಲದ ಮನೆಗೆ ಬೀಗ ಎಂದು ಯಾರೋ ಗಟ್ಟಿಯಾಗಿ ಹಾಡುತ್ತಿದ್ದರು. ಅದು ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಹೆಂಗಿದೆ ಅತ್ತೆ?" ಇಂಚರ ಮೊಣಕಾಲ ಮೇಲೆ ಗಲ್ಲ ಇಟ್ಟುಕೊಂಡು ಕೇಳಿದಳು. ಅವಳ ಕಣ್ಣಲ್ಲಿ ನನ್ನ ಚಿಕ್ಕಂದಿನ ಕುತೂಹಲವೇ ಇತ್ತು.

ಹೇಳಲು ಬಾಯಿ ತೆರೆದೆ. ಆಗ ಮನಸ್ಸಿಗೆ ಒಂದು ಮುಳ್ಳು ಚುಚ್ಚಿತು. ಆಚಾರಿಯೂ ಗೌಡರ ಹಾಗೆ ಕಣ್ಣು ತಪ್ಪಿಸಿ ಕೆಳಕ್ಕೆ ಸುರಿದಿದ್ದರೆ? ಏರದೆಯೇ ಹಾಡುವುದನ್ನು ನಾನೂ ಕಲಿತುಬಿಟ್ಟಿದ್ದರೆ? ತಡೆಯಲಾಗಲಿಲ್ಲ. ಎಲ್ಲರೂ ನೋಡುತ್ತಿದ್ದ ಹಾಗೆಯೇ, ಈ ವಯಸ್ಸಿನಲ್ಲಿ, ಬೆಂಚಿನಿಂದಿಳಿದು ಮಂಡಿಯೂರಿದೆ. ಆಚಾರಿ ಕೂತಿದ್ದ ಬೆಂಚಿನ ಕೆಳಗೆ ಕೈ ಚಾಚಿ ಮೂಲೆ ಮೂಲೆಯಲ್ಲೂ ನೆಲ ಸವರಿದೆ, ಬೆಂಚಿನ ಕಾಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ.

ನೆಲ ಒಣಗಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ.